ಅಪ್‌ಡೇಟ್: ‘ಬೇಕು’ ಅನ್ನೋದಕ್ಕೆ ಮಸ್ಟ್, ಹ್ಯಾವ್ ಟು, ಶುಡ್

‘ಧಾರವಾಡಕ್ಕೆ ಹೋಗಬೇಕು’ ಅನ್ನೋದನ್ನ ಇಂಗ್ಲಿಷಿನಲ್ಲಿ ಈ ಮೂರರಲ್ಲಿ ಯಾವುದರಿಂದ ಹೇಳೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಸ್ಪಷ್ಟವಾಗಿದೆ.

ಒತ್ತಾಯ ಎಲ್ಲಿಂದ ಬರುತ್ತದೆ ಅನ್ನೋದನ್ನ ನೋಡಬೇಕು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೆ ಟಿಕೆಟ್ ತಗೋಬೇಕು ಅನ್ನೋದು ಹೊರಗಿನ ನಿಯಮ, ಅದಕ್ಕೆ ‘ಹ್ಯಾವ್ ಟು’. ಮಾತಿನಲ್ಲಿ ಅದು ‘ಹ್ಯಾಫ್ ಟು’ ಅಂತ ಕೇಳಿಸುತ್ತದೆ. ‘ಡಾಕ್ಟರಿಗೆ ತೋರಿಸಿದ್ರ ಚಲೋ’ ಅನ್ನುವಂಥ ಸಲಹೆಗೆ ‘ಶುಡ್’. ‘ಗಿರ್ಮಿಟ್ ತಿನ್ನಲೇಬೇಕ್ ನೋಡ್ರಿ’ ಅನ್ನುವ ಪ್ರೀತಿಯ ಒತ್ತಾಯಕ್ಕೆ ‘ಯು ಮಸ್ಟ್ ಟ್ರೈ ಇಟ್’. ‘ಮಸ್ಟ್ ಟು ಗೋ’ ತಪ್ಪು, ಮಸ್ಟ್ ಆದ ಮೇಲೆ ‘ಟು’ ಬರೋದಿಲ್ಲ.

ಹೆಚ್ಚು ಎಡವೋದು ‘ಇಲ್ಲ’ ಸೇರಿದಾಗ. ‘ಬರಬೇಕಾಗಿಲ್ಲ’ ಅಂದರೆ ‘ಡೋಂಟ್ ಹ್ಯಾವ್ ಟು ಕಮ್’, ಬಂದರೂ ನಡೆಯುತ್ತದೆ. ‘ಬರಬಾರದು’ ಅಂದರೆ ‘ಮಸ್ಟ್ ನಾಟ್ ಕಮ್’. ಇವನ್ನು ಅದಲುಬದಲು ಮಾಡಿದರೆ ಅತಿಥಿಗೆ ಬಾಗಿಲು ಹಾಕಿದಂತಾಗುತ್ತದೆ.

ಭೂತಕಾಲಕ್ಕೆ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ, ಇದು ನನಗೆ ಬಹಳ ಹಿಡಿಸಿತು. ‘ಹೋಗಬೇಕಾಯ್ತು’, ಅಂದರೆ ಹೋಗಿದ್ದಾಯಿತು: ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’, ಆದರೆ ಹೋಗಲಿಲ್ಲ: ‘ಶುಡ್ ಹ್ಯಾವ್ ಗಾನ್’. ಇಲ್ಲಿ ‘ವೆಂಟ್’ ಹಾಕಬಾರದು, ಕ್ರಿಯಾಪದದ ಮೂರನೇ ರೂಪವೇ ಬೇಕು.

‘ಶುಡ್’ನಂತೆ ಸಲಹೆಗೇ ಬರುವ ‘ಹ್ಯಾಡ್ ಬೆಟರ್’ನಲ್ಲಿ ‘ಇಲ್ಲಾಂದ್ರ ನೋಡು’ ಅನ್ನುವ ಎಚ್ಚರಿಕೆ ಅಡಗಿರುತ್ತದೆ. ಹಿರಿಯರಿಗೆ, ಸಾಹೇಬರಿಗೆ ಅದನ್ನು ಬಳಸದೆ ‘ಮೇಬಿ ಯು ಕುಡ್’ ಅಂತ ಶುರು ಮಾಡಿದರೆ ‘ರೀ’ ಹಚ್ಚಿದಷ್ಟು ಮೆತ್ತಗೆ ಕೇಳುತ್ತದೆ.