ಸಹಾಯ ಬೇಕು: ವೇದಿಕೆಯ ಸದ್ದಿಗೆ ಕಥೆ ಕೇಳಿಸ್ತಾ ಇಲ್ಲ

ನಮಸ್ಕಾರ. ಬಡಾವಣೆಯ ಪಾರ್ಕಿನಲ್ಲಿ ವಸಂತದ ಸಾಂಸ್ಕೃತಿಕ ಕಾರ್ಯಕ್ರಮ ಮಾಡ್ತಿದ್ದೇವೆ. ಒಂದು ಕಡೆ ವೇದಿಕೆ, ಹಾಡು, ಡ್ಯಾನ್ಸ್. ಇನ್ನೊಂದು ಕಡೆ ಮರದ ಕೆಳಗೆ ಚಿಕ್ಕ ಮಕ್ಕಳಿಗೆ ಕಥೆ. ಸೌಂಡ್ ನೋಡಿಕೊಳ್ಳೋ ಕೆಲಸ ನನ್ನ ತಲೆಗೆ ಬಂದಿದೆ.

ಮೊನ್ನೆ ರಿಹರ್ಸಲ್‌ನಲ್ಲಿ ಕಥೆಯ ರಾಕ್ಷಸ ನಿದ್ದೆ ಮಾಡೋ ಹೊತ್ತಿಗೆ ಸರಿಯಾಗಿ ವೇದಿಕೆಯಲ್ಲಿ ಡೋಲು ಶುರುವಾಯಿತು. ಮುಂದಿನ ಸಾಲಿನ ಮಕ್ಕಳೇ ಕಿವಿಗೆ ಕೈ ಹಚ್ಚಿ "ಏನು? ಏನು?" ಅಂತಿದ್ದರು.

ಕಥೆಯ ಜಾಗವನ್ನು ವೇದಿಕೆಯಿಂದ 20 ಮೀಟರ್ ಇದ್ದದ್ದು 40 ಮೀಟರ್‌ಗೆ ಸರಿಸಿದೆ. ಬಯಲಲ್ಲಿ ದೂರ ದುಪ್ಪಟ್ಟಾದರೆ ಸದ್ದು ಇಳಿಯೋದು ಸುಮಾರು 6 ಡೆಸಿಬಲ್ ಅಷ್ಟೇ, ಸಾಲಲಿಲ್ಲ. ಅದರಾಚೆ ಕಾಂಪೌಂಡ್ ಗೋಡೆ. ಸ್ಪೀಕರ್ ಮುಖ ತಿರುಗಿಸಿದೆ. ಹಾಡುವವರ ದನಿ ತಗ್ಗಿತು, ಆದರೆ ಆ ಧಂ ಧಂ ತಗ್ಗಲಿಲ್ಲ. ಬೇಸ್, ಅಂದರೆ ಡೋಲಿನಂಥ ತಗ್ಗು ಸ್ಥಾಯಿಯ ಸದ್ದು, ಎಲ್ಲ ದಿಕ್ಕಿಗೂ ಹರಡುತ್ತೆ ಅಲ್ವಾ. ವಾಲ್ಯೂಮ್ ಇಳಿಸಿದರೆ ಹಿಂದೆ ಕೂತವರ ಗೊಣಗಾಟ. ಸಮಯ ಬದಲಿಸೋಣ ಅಂದರೆ ವೇದಿಕೆಯ ಪಟ್ಟಿ ಪೂರ್ತಿ ತುಂಬಿದೆ.

ಈಗ ಒಬ್ಬರು, ದೊಡ್ಡ ಸ್ಪೀಕರ್ ಸದ್ದು ಇಳಿಸಿ, 30 ಮೀಟರ್ ಹಿಂದೆ ಜನರ ಹತ್ತಿರ ಎರಡು ಚಿಕ್ಕವು ಇಡಿ ಅಂತಾರೆ. ಇನ್ನೊಬ್ಬರು, ವೇದಿಕೆಯ ಸದ್ದು ಅಲ್ಲಿಗೆ ತಲುಪೋಕೆ ಸುಮಾರು 0.09 ಸೆಕೆಂಡ್ ಬೇಕು, ಚಿಕ್ಕ ಸ್ಪೀಕರ್‌ನದು ಮೊದಲೇ ಬರುತ್ತೆ, ಹಾಗಾಗಿ ಎರಡು ಸಲ ಕೇಳಿಸುತ್ತೆ ಅಂತಾರೆ. ನಮ್ಮ ಸೌಂಡ್ ಮಿಕ್ಸರ್‌ನಲ್ಲಿ ಡಿಲೇ ಹಾಕೋ, ಅಂದರೆ ಹಿಂದಿನ ಸ್ಪೀಕರ್ ಸದ್ದನ್ನು ಅಷ್ಟು ಹೊತ್ತು ತಡಮಾಡಿ ಬಿಡೋ ಸೌಲಭ್ಯ ಇಲ್ಲ.

ಇದನ್ನು ಮಾಡಿ ನೋಡಿದವರು ಹೇಳಿ: ಡಿಲೇ ಇಲ್ಲದೆ ಹಿಂದಿನ ಸ್ಪೀಕರ್ ಇಡಬಹುದಾ? ಇಡಬಹುದು ಅಂದರೆ ಎಷ್ಟು ದೂರದವರೆಗೆ?