ದೇವರ ಕೈಗೆ ಒಪ್ಪಿಸ್ತೀನಿ, ಆದ್ರೂ ಭಯ ಹೋಗಲ್ಲ

ಕಾರವಾರ_ಕಡಲು:
ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ಬಂದ್ ಮುಗೀತು, ಅಣ್ಣ ಬೈತಖೋಲ್ ಬಂದರಿಂದ ಮತ್ತೆ ಬೋಟಿಗೆ ಹೋಗ್ತಿದ್ದಾನೆ. ದಿನಾ ಸಂಜೆ ಪ್ರಾರ್ಥನೇಲಿ ಅವನನ್ನ ದೇವರಿಗೆ ಒಪ್ಪಿಸ್ತೀನಿ, ಆದ್ರೆ ರಾತ್ರಿ ಗಾಳಿ ಜೋರಾದ್ರೆ ಸಾಕು, ಫೋನು ಹಚ್ಚೋದು, ಸಿಗದಿದ್ರೆ ಅಳೋದು, ಹವಾಮಾನ ನೋಡ್ತಾ ಕೂರೋದು. ಇದು ನಂಬಿಕೆ ಕಡಿಮೆ ಅಂತಾನಾ?

ಹೊನ್ನಾವರದಕ್ಕ:
ಅಲ್ಲ ತಂಗಿ. ಬೈಬಲ್‌ನಲ್ಲಿ ಮತ್ತಾಯ 26 ನೋಡು, ಶಿಲುಬೆಗೇರೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿನೇ ಒಂದೇ ಪ್ರಾರ್ಥನೆ ಮೂರು ಸಲ ಮಾಡಿದ್ರು. ಈ ಪಾತ್ರೆ, ಅಂದ್ರೆ ಮುಂದೆ ಬರೋ ಸಂಕಟ, ದೂರ ಆಗ್ಲಿ ಅಂತ ಬಾಯಿಬಿಟ್ಟು ಕೇಳಿದ್ರು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ರು. ನೀನೂ ಭಯ ಬಂದಾಗೆಲ್ಲ ಮತ್ತೆ ಒಪ್ಪಿಸು, ಅದ್ರಲ್ಲಿ ನಾಚಿಕೆ ಏನಿಲ್ಲ.

ಕುಮಟಾ_ಬೋಟು:
ಹವಾಮಾನ ನೋಡೋದು ತಪ್ಪಲ್ಲ ತಂಗಿ, ನಾನೂ ಸಮುದ್ರಕ್ಕೆ ಹೋಗೋನೇ, ಎಚ್ಚರಿಕೆ ಕೊಟ್ಟ ದಿನ ಇಳಿಯಲ್ಲ, ಲೈಫ್ ಜಾಕೆಟ್ ಬಿಟ್ಟು ಹೋಗಲ್ಲ. ಮತ್ತಾಯ 4ರಲ್ಲಿ ಸೈತಾನ ದೇವಾಲಯದ ಮೇಲಿಂದ ಧುಮುಕು, ದೂತರು ಹಿಡೀತಾರೆ ಅಂದಾಗ ಯೇಸು ಒಪ್ಪಲಿಲ್ಲ, ದೇವರನ್ನ ಪರೀಕ್ಷಿಸಬಾರದು ಅಂದ್ರು. ನಮ್ಮ ಕೈಲಾಗೋದು ಮಾಡ್ಬೇಕು, ಗಾಳಿ ಅಲೆ ನಮ್ಮ ಕೈಲಿಲ್ಲ, ಅದನ್ನ ಬಿಡ್ಬೇಕು.

ಶಿರಸಿ_ಓದುಗ:
ಒಂದು ಮಾತು ಸೇರಿಸ್ತೀನಿ, ಬೇಜಾರಾಗ್ಬೇಡಿ. ಒಪ್ಪಿಸಿದ್ರೆ ಏನೂ ಆಗಲ್ಲ ಅಂತ ಯಾರೂ ಗ್ಯಾರಂಟಿ ಕೊಡ್ಬೇಡಿ. ಗೆತ್ಸೇಮನೆಯಲ್ಲಿ ಆ ಪಾತ್ರೆ ದೂರ ಆಗ್ಲಿಲ್ಲ, ಆದ್ರೆ ಬಲಪಡಿಸೋಕೆ ದೂತ ಬಂದ ಅಂತ ಲೂಕ 22ರಲ್ಲಿದೆ. ನಾನು ಬೇಡೋದು ಆ ಬಲ.

ಕಾರವಾರ_ಕಡಲು:
ಕೊನೆ ಮಾತು ಕಷ್ಟ ಅನ್ಸ್ತು, ಆದ್ರೂ ನಿಜ. ಅಣ್ಣನ ಹತ್ರ ಲೈಫ್ ಜಾಕೆಟ್ ಇದ್ಯಾ ಅಂತ ಇವತ್ತೇ ಕೇಳ್ತೀನಿ.