ಮತದಾನದ ಹಕ್ಕಿಲ್ಲದ ಮಗಳು ಪಕ್ಷದ ಅಭ್ಯರ್ಥಿಯನ್ನು ಆರಿಸಬಹುದೇ?

ಸಾಧನಕೇರಿ ನಿವೃತ್ತ, ಧಾರವಾಡ

ಕೆನಡಾದ ರಾಜಕಾರಣ ಬಲ್ಲವರು ದಯವಿಟ್ಟು ಉತ್ತರಿಸಬೇಕು. ನನ್ನ ಮಗಳು ಮತ್ತು ಅಳಿಯ ಟೊರೊಂಟೊ ಪಕ್ಕದ ಊರಿನಲ್ಲಿದ್ದಾರೆ. ಅಳಿಯನಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಮಗಳಿಗೆ ಇನ್ನೂ ಕಾಯಂ ವಾಸದ ಅನುಮತಿ ಮಾತ್ರ. ಅವರ ಕ್ಷೇತ್ರದ ಸಂಸದರು ಸ್ಥಾನ ಬಿಟ್ಟಿದ್ದು, ಉಪಚುನಾವಣೆ ಬರಲಿದೆ. ದೇವಸ್ಥಾನದಲ್ಲಿ ಪರಿಚಯವಾದ ಗೃಹಸ್ಥರೊಬ್ಬರು ಮನೆಗೇ ಬಂದು, ತಾವು ಒಂದು ಪಕ್ಷದ ಟಿಕೆಟ್ ಆಕಾಂಕ್ಷಿ, ನೀವೆಲ್ಲ ಸದಸ್ಯರಾಗಿ ತಮಗೇ ಮತ ಹಾಕಬೇಕು ಎಂದು ಕೇಳಿದರಂತೆ. ‘ನನಗೆ ಇಲ್ಲಿ ಮತವೇ ಇಲ್ಲವಲ್ಲ’ ಎಂದು ಮಗಳು ಹೇಳಿದರೆ, ‘ಟಿಕೆಟ್ ಆರಿಸುವುದಕ್ಕೆ ಅದು ಬೇಕಿಲ್ಲ, ತಂಗಿ’ ಎಂದರಂತೆ. ಮೊಮ್ಮಗಳು ಇನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಅವಳ ಹೆಸರನ್ನೂ ಬರೆದುಕೊಂಡು ಹೋಗಿದ್ದಾರೆ!

ನಾನು ಕಂದಾಯ ಇಲಾಖೆಯಲ್ಲಿದ್ದವನು. ಚುನಾವಣೆ ಬಂತೆಂದರೆ ನಾಮಪತ್ರ ಸ್ವೀಕರಿಸುವ ಮೇಜಿನ ಪಕ್ಕದಲ್ಲಿ ನನ್ನ ಕುರ್ಚಿ. ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆ ಹತ್ತಿರವಾಗುತ್ತಿದ್ದಂತೆ, ಬಿ ಫಾರಂ ತರುತ್ತಿರುವ ಕಾರು ಎಲ್ಲಿಗೆ ಬಂತು ಎಂದು ಫೋನಿನಲ್ಲಿ ಕೂಗಾಡುವ ಅಭ್ಯರ್ಥಿಗಳನ್ನು ಕಂಡಿದ್ದೇನೆ. ಆ ಫಾರಂ ಮೇಲಿನ ಸಹಿ ಶಾಯಿಯದೋ, ಜೆರಾಕ್ಸ್ ಪ್ರತಿಯದೋ ಎಂದು ಬೆಳಕಿಗೆ ಹಿಡಿದು ನೋಡುವುದು ನಮ್ಮ ಕೆಲಸ. ನಮ್ಮಲ್ಲಿ ಟಿಕೆಟ್ ತೀರ್ಮಾನವಾಗುವುದು ಬೆಂಗಳೂರಿನಲ್ಲಿ ಅಥವಾ ದೆಹಲಿಯಲ್ಲಿ. ಊರಿನ ಕಾರ್ಯಕರ್ತನಿಗೆ ಅದು ಟಿವಿ ನೋಡಿಯೇ ತಿಳಿಯಬೇಕು. ಹಾಗಿರುವಾಗ ದೇಶದ ಪ್ರಜೆಯೇ ಅಲ್ಲದವಳಿಗೆ, ಶಾಲೆಯ ಹುಡುಗಿಗೆ, ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ಇದು ಕಾನೂನಿನಂತೆ ಸರಿಯೇ? ಮಗಳು ಯಾವುದಾದರೂ ತೊಂದರೆಗೆ ಸಿಕ್ಕಿಕೊಳ್ಳುತ್ತಾಳೆಯೇ? ಪೌರತ್ವದ ಅರ್ಜಿಗೆ ಅಡ್ಡಿಯಾದೀತೆಂಬುದು ಅವಳ ತಾಯಿಯ ಚಿಂತೆ.

ವಿದ್ಯಾನಗರದವನು, ಈಗ ಒಟ್ಟಾವಾ

ಕಾಕಾ, ನಮಸ್ಕಾರ. ಮೊದಲು ಕಾಕಿಯವರಿಗೆ ಧೈರ್ಯ ಹೇಳಿ. ಪಕ್ಷದ ಸದಸ್ಯತ್ವ ಬೇರೆ, ಮತದಾರರ ಪಟ್ಟಿ ಬೇರೆ. ಪೌರತ್ವವಿಲ್ಲದವರು ಸಾರ್ವಜನಿಕ ಚುನಾವಣೆಯಲ್ಲಿ ಮತ ಹಾಕಿದರೆ ಅಪರಾಧ. ಆದರೆ ಪಕ್ಷದೊಳಗಿನ ಆಯ್ಕೆಯಲ್ಲಿ ಯಾರು ಮತ ಹಾಕಬಹುದು ಎಂಬುದನ್ನು ಪಕ್ಷವೇ ಬರೆದುಕೊಳ್ಳುತ್ತದೆ. ಲಿಬರಲ್ ಪಕ್ಷದಲ್ಲಿಯೂ ಕನ್ಸರ್ವೇಟಿವ್ ಪಕ್ಷದಲ್ಲಿಯೂ 14 ವರ್ಷ ತುಂಬಿದವರು ಸದಸ್ಯರಾಗಬಹುದು, ಕಾಯಂ ವಾಸಿಗಳೂ ಆಗಬಹುದು. ಲಿಬರಲ್ ಪಕ್ಷ 2016ರಲ್ಲಿ ಸದಸ್ಯತ್ವ ಶುಲ್ಕವನ್ನೇ ತೆಗೆದುಹಾಕಿತು. ಆದ್ದರಿಂದ ನಿಮ್ಮ ಮೊಮ್ಮಗಳ ಹೆಸರು ಬರೆದುಕೊಂಡದ್ದರಲ್ಲಿ ನಿಯಮದ ಪ್ರಕಾರ ತಪ್ಪಿಲ್ಲ. ಅವಳನ್ನು ಕೇಳಿ ಬರೆದುಕೊಂಡರೇ ಎಂಬುದು ಬೇರೆ ಮಾತು. ಕೇಳಿರದಿದ್ದರೆ ಹೆಸರು ತೆಗೆಯಲು ಹೇಳಿಸಿ.

ಇನ್ನು ಮನೆಗೆ ಬಂದ ಗೃಹಸ್ಥರ ಲೆಕ್ಕಾಚಾರ. ಒಂದೇ ಪಕ್ಷಕ್ಕೆ ಜನ ಕಣ್ಣು ಮುಚ್ಚಿ ಮತ ಹಾಕುವ ಕ್ಷೇತ್ರಗಳಲ್ಲಿ ನಿಜವಾದ ಚುನಾವಣೆ ನಡೆಯುವುದು ಟಿಕೆಟ್ ಹಂತದಲ್ಲಿಯೇ. ಅಲ್ಲಿ ಗೆಲ್ಲಲು ಲಕ್ಷ ಮತ ಬೇಕಿಲ್ಲ. ಗೊತ್ತುಪಡಿಸಿದ ದಿನದೊಳಗೆ ತನ್ನ ಕಡೆಯವರನ್ನು ಸದಸ್ಯರನ್ನಾಗಿ ಮಾಡಿ, ಆಯ್ಕೆಯ ದಿನ ಸಭಾಂಗಣಕ್ಕೆ ಕರೆತರಬೇಕು, ಅಷ್ಟೇ. ಅದಕ್ಕೆ ದೇವಸ್ಥಾನ, ಗುರುದ್ವಾರ, ಚರ್ಚು, ಫುಟ್‌ಬಾಲ್ ತಂಡ ಯಾವುದೂ ಆಗುತ್ತದೆ. ಸೊಸೈಟಿ ಚುನಾವಣೆಗೆ ಮುಂಚೆ ಷೇರುದಾರರನ್ನು ಸೇರಿಸುವುದನ್ನು ನೀವು ಕಂಡಿದ್ದೀರಲ್ಲ, ಅದೇ ಆಟ. ವಿದೇಶಿ ಹಸ್ತಕ್ಷೇಪದ ಬಗ್ಗೆ ನ್ಯಾಯಮೂರ್ತಿ ಮರಿ-ಜೋಸೆ ಹೋಗ್ ನಡೆಸಿದ ವಿಚಾರಣೆಯಲ್ಲಿ ಇದು ದೊಡ್ಡ ವಿಷಯವಾಯಿತು. 2019ರಲ್ಲಿ ಡಾನ್ ವ್ಯಾಲಿ ನಾರ್ತ್ ಕ್ಷೇತ್ರದ ಲಿಬರಲ್ ಟಿಕೆಟ್ ಸ್ಪರ್ಧೆಗೆ ವಿದೇಶಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದ ಸಂಗತಿ ಅಲ್ಲಿ ಚರ್ಚೆಗೆ ಬಂತು. ಪಕ್ಷಗಳ ಈ ಒಳಬಾಗಿಲು ಹೊರಗಿನವರಿಗೆ ಸುಲಭದ ದಾರಿಯಾಗಬಹುದು ಎಂಬ ಆತಂಕ ಅಂದಿನಿಂದ ತಣ್ಣಗಾಗಿಲ್ಲ. 2025ರ ಜನವರಿಯಲ್ಲಿ ನಾಯಕನ ಆಯ್ಕೆಗೆ ಮುನ್ನ ಲಿಬರಲ್ ಪಕ್ಷ ತನ್ನ ನಿಯಮ ಬಿಗಿಗೊಳಿಸಿತು.

ಕಾನೂನು ಕೈಹಾಕುವುದು ಮುಖ್ಯವಾಗಿ ಹಣದ ವಿಷಯದಲ್ಲಿ. ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಆ ಕ್ಷೇತ್ರದ ಅಭ್ಯರ್ಥಿಗೆ ಎಷ್ಟು ವೆಚ್ಚದ ಮಿತಿ ಇತ್ತೋ, ಅದರ ಶೇಕಡಾ 20ರಷ್ಟನ್ನು ಮಾತ್ರ ಟಿಕೆಟ್ ಆಕಾಂಕ್ಷಿ ಖರ್ಚು ಮಾಡಬಹುದು.

ಶಿಗ್ಗಾವಿಯ ಓದುಗ

ಈ ಸದಸ್ಯರ ಮತ, ಸಭಾಂಗಣ ಎಲ್ಲ ಕೇಳಲು ಚೆಂದ. ಮೇಲಿನವರಿಗೆ ಬೇಡವಾದವನು ಗೆದ್ದರೆ ಏನು ಮಾಡುತ್ತಾರೆ, ಅದನ್ನು ಹೇಳಿ. 2024ರ ಉಪಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಕಥೆ ಎಲ್ಲರಿಗೂ ಗೊತ್ತು. ಬಸವರಾಜ ಬೊಮ್ಮಾಯಿ ಲೋಕಸಭೆಗೆ ಹೋದರು, ತೆರವಾದ ಸ್ಥಾನಕ್ಕೆ ಬಿಜೆಪಿ ಅವರ ಮಗ ಭರತ್ ಅವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನಲ್ಲಿ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರಿಗೆ ಟಿಕೆಟ್ ಸಿಕ್ಕಿತು, ಮಾಜಿ ಶಾಸಕ ಅಜ್ಜಂಪೀರ್ ಖಾದ್ರಿ ಸಿಟ್ಟಾಗಿ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಮನವೊಲಿಕೆ ನಡೆಯಿತು, ಅವರು ಹಿಂತೆಗೆದರು, ಪಠಾಣ್ ಗೆದ್ದರು. ಎರಡೂ ಪಕ್ಷಗಳಲ್ಲಿ ಶಿಗ್ಗಾವಿ, ಸವಣೂರಿನ ಕಾರ್ಯಕರ್ತರ ಕೈಗೆ ಯಾರೂ ಮತಪತ್ರ ಕೊಡಲಿಲ್ಲ. ನಾವು ಮಾತ್ರ ಚಹಾ ಅಂಗಡಿಯಲ್ಲಿ ಕುಳಿತು ಟಿಕೆಟ್ ಹಂಚಿದೆವು. ಕೆನಡಾದಲ್ಲಿ ನಾಯಕರು ಅಷ್ಟು ಸಾಧುಗಳೇ?

ವಿದ್ಯಾನಗರದವನು, ಈಗ ಒಟ್ಟಾವಾ

ಸಾಧುಗಳೆಂದು ನಾನೆಲ್ಲಿ ಹೇಳಿದೆ? ಕೆನಡಾದಲ್ಲಿಯೂ ಬಿ ಫಾರಂ ಇದೆ, ಹೆಸರು ಬೇರೆ. 1970ರ ಚುನಾವಣಾ ಕಾಯ್ದೆಯಿಂದ ಮತಪತ್ರದಲ್ಲಿ ಅಭ್ಯರ್ಥಿಯ ಜೊತೆ ಪಕ್ಷದ ಹೆಸರೂ ಬಂತು. ಪಕ್ಷದ ಹೆಸರು ಬೇಕೆಂದರೆ ನಾಯಕನ ಒಪ್ಪಿಗೆಯ ಸಹಿ ಬೇಕಾಯಿತು. ಸದಸ್ಯರು ಯಾರನ್ನೇ ಆರಿಸಲಿ, ನಾಯಕ ಪೆನ್ನು ಎತ್ತದಿದ್ದರೆ ಮುಗಿಯಿತು. ಸಂಸದ ಮೈಕೆಲ್ ಚಾಂಗ್ ತಂದ ಸುಧಾರಣಾ ಕಾಯ್ದೆಯ ನಂತರ ಆ ಸಹಿಯನ್ನು ಪಕ್ಷ ಗೊತ್ತುಮಾಡಿದ ವ್ಯಕ್ತಿ ಹಾಕುತ್ತಾರೆ. ಆ ವ್ಯಕ್ತಿ ನಾಯಕನ ಮಾತು ಮೀರುತ್ತಾರೆಂದು ಭಾವಿಸಲು ನನಗೆ ಕಾರಣ ಕಾಣುವುದಿಲ್ಲ. ಸ್ಪರ್ಧೆ ನಡೆಸಲೇಬೇಕೆಂಬ ಕಾನೂನೂ ಇಲ್ಲ.

ಉಪಚುನಾವಣೆಯಲ್ಲಂತೂ ಇದು ಇನ್ನಷ್ಟು ಸ್ಪಷ್ಟ. ಸಮಯ ಕಡಿಮೆ, ಇಡೀ ದೇಶದ ಪತ್ರಕರ್ತರು ಒಂದೇ ಕ್ಷೇತ್ರದಲ್ಲಿ ಬೀಡುಬಿಟ್ಟಿರುತ್ತಾರೆ, ಹೀಗಾಗಿ ‘ನಂಬಿಗಸ್ಥ’ರನ್ನೇ ನಿಲ್ಲಿಸುವ ಆಸೆ. 2024ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನ ಲಾಸಾಲ್-ಎಮಾರ್-ವರ್ಡನ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಲಿಬರಲ್ ಟಿಕೆಟ್‌ಗಾಗಿ ಮೂವರು ಆಕಾಂಕ್ಷಿಗಳು ಓಡಾಡುತ್ತಿದ್ದರು. ಪಕ್ಷ ಸ್ಪರ್ಧೆಯನ್ನೇ ನಡೆಸದೆ ನಗರಸಭಾ ಸದಸ್ಯೆ ಲಾರಾ ಪಾಲೆಸ್ತೀನಿ ಅವರನ್ನು ನೇರವಾಗಿ ಹೆಸರಿಸಿತು. ಮುಕ್ತ ಆಯ್ಕೆ ನಡೆಸುತ್ತೇನೆ ಎಂದು ಹಿಂದೆ ಮಾತು ಕೊಟ್ಟಿದ್ದ ಜಸ್ಟಿನ್ ಟ್ರೂಡೊ ಅವರೇ ಆಗ ನಾಯಕರು! ಅವರ ಭದ್ರಕೋಟೆ ಎನಿಸಿದ್ದ ಆ ಕ್ಷೇತ್ರವನ್ನು ಬ್ಲಾಕ್ ಕೆಬೆಕ್ವಾ ಪಕ್ಷದ ಲೂಯಿ-ಫಿಲಿಪ್ ಸೋವೆ 248 ಮತಗಳಿಂದ ಗೆದ್ದುಕೊಂಡರು. ಅಷ್ಟು ಸಣ್ಣ ಅಂತರವಿದ್ದಾಗ ಮುನಿಸಿಕೊಂಡ ಕಾರ್ಯಕರ್ತರೂ ಲೆಕ್ಕಕ್ಕೆ ಬರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಸೋಲಿಗೆ ಅದೊಂದೇ ಕಾರಣ ಎನ್ನಲಾರೆ, ಸರ್ಕಾರದ ಮೇಲಿನ ಬೇಸರ ಅದಕ್ಕಿಂತ ದೊಡ್ಡದಿತ್ತು.

ಕಾಕಾ, ನಿಮ್ಮ ಊರಿಗೇ ನಂಟಿರುವ ಪ್ರಕರಣವೊಂದಿದೆ. ಚಂದ್ರ ಆರ್ಯ ಅವರ ಹೆಸರು ಕೇಳಿರುತ್ತೀರಿ. 2022ರಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದವರು. ಊರು ಶಿರಾ ತಾಲ್ಲೂಕು, ಆದರೆ ಎಂಬಿಎ ಓದಿದ್ದು ನಿಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಒಟ್ಟಾವಾದ ನೇಪಿಯನ್ ಕ್ಷೇತ್ರದಿಂದ 2015, 2019, 2021ರಲ್ಲಿ ಗೆದ್ದಿದ್ದರು. 2025ರ ಮಾರ್ಚ್‌ನಲ್ಲಿ ಚುನಾವಣೆ ಘೋಷಣೆಗೆ ಕೆಲವೇ ದಿನ ಮುಂಚೆ ಲಿಬರಲ್ ಪಕ್ಷ ಅವರ ಉಮೇದುವಾರಿಕೆಯನ್ನು ರದ್ದುಮಾಡಿತು. ಅದೇ ಕ್ಷೇತ್ರದಿಂದ ಹೊಸ ನಾಯಕ ಮಾರ್ಕ್ ಕಾರ್ನಿ ನಿಂತು ಗೆದ್ದರು. ರದ್ದತಿಯ ಕಾರಣದ ಬಗ್ಗೆ ಪತ್ರಿಕೆಗಳು ಬಹಳ ಬರೆದವು, ಆರ್ಯ ತಮ್ಮ ಸಮರ್ಥನೆ ಹೇಳಿಕೊಂಡರು. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಮೂರು ಸಲ ಗೆದ್ದವರ ಟಿಕೆಟ್ಟನ್ನೂ ಸದಸ್ಯರನ್ನು ಒಂದು ಮಾತು ಕೇಳದೆ ತೆಗೆಯಬಹುದು ಎಂಬುದಷ್ಟೇ ನನಗೆ ಮುಖ್ಯ. ಹುಬ್ಬಳ್ಳಿಯಲ್ಲಿ 2023ರಲ್ಲಿ ಜಗದೀಶ ಶೆಟ್ಟರ್ ಅವರಿಗೆ ಟಿಕೆಟ್ ತಪ್ಪಿದಾಗ ನಡೆದ ಗದ್ದಲವನ್ನು ನೆನೆಯಿರಿ. ಅವರು ಪಕ್ಷ ಬದಲಿಸಿ ಕಣಕ್ಕಿಳಿದರು. ಆರ್ಯ ಸುಮ್ಮನೆ ಹೊರನಡೆದರು.

ಶಿಗ್ಗಾವಿಯ ಓದುಗ

ಸರಿ. ಹಾಗಾದರೆ ಮೊಮ್ಮಗಳ ಹೆಸರು ಯಾಕೆ ಬರೆದುಕೊಂಡರು, ಸುಮ್ಮನೆ ಕಾಗದ ಹಾಳು!

ವಕೀಲರು, ಧಾರವಾಡ

ಹಾಳಲ್ಲ. ನಾಯಕರು ಎಲ್ಲ ಕ್ಷೇತ್ರಗಳಲ್ಲಿಯೂ ಕೈಹಾಕುವುದಿಲ್ಲ, ಬಹಳ ಕಡೆ ಸದಸ್ಯರ ಮತವೇ ನಿಲ್ಲುತ್ತದೆ. ಶಿಗ್ಗಾವಿಯವರು ಒಂದು ವ್ಯತ್ಯಾಸವನ್ನು ಗಮನಿಸುತ್ತಿಲ್ಲ. ನಮ್ಮಲ್ಲಿ ಸದಸ್ಯರ ಮತವನ್ನು ಮುರಿದರು ಎಂದು ದೂರುವುದಕ್ಕೆ ಆ ಮತವೇ ಇಲ್ಲ. ಅಲ್ಲಿ ಮುರಿದರೆ ಪತ್ರಿಕೆಯವರ ಮುಂದೆ ಉತ್ತರ ಹೇಳಬೇಕು.

ಕಾಕಾ ಅವರ ಕಸುಬಿಗೆ ಹತ್ತಿರದ ಮಾತೊಂದನ್ನು ಸೇರಿಸುತ್ತೇನೆ. ಅಲ್ಲಿ ನಾಮಪತ್ರಕ್ಕೆ ಕೊನೆಯ ಗಡುವು ಮತದಾನಕ್ಕೆ 21 ದಿನ ಮುಂಚಿನ ಮಧ್ಯಾಹ್ನ ಎರಡು ಗಂಟೆ, ಹಿಂತೆಗೆಯಲು ಅದೇ ದಿನ ಸಂಜೆ ಐದು ಗಂಟೆ. ಬಂಡಾಯಗಾರನ ಮನವೊಲಿಸಲು ಮೂರೇ ತಾಸು! ಕ್ಷೇತ್ರದ 100 ಮತದಾರರ ಸಹಿ ಬೇಕು. ದೂರದ ದೊಡ್ಡ ಕ್ಷೇತ್ರಗಳಲ್ಲಿ 50. ಠೇವಣಿ ಇಲ್ಲ. ಮೊದಲು ಸಾವಿರ ಡಾಲರ್ ಇತ್ತು, 2017ರಲ್ಲಿ ಆಲ್ಬರ್ಟಾದ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು.

ಠೇವಣಿಯ ನಿಯಮ ಹೋದದ್ದರ ಫಲವನ್ನು 2025ರ ಆಗಸ್ಟ್ 18ರ ಬ್ಯಾಟಲ್ ರಿವರ್-ಕ್ರೋಫುಟ್ ಉಪಚುನಾವಣೆಯಲ್ಲಿ ನೋಡಬೇಕಿತ್ತು. ಸಾರ್ವತ್ರಿಕ ಚುನಾವಣೆಯಲ್ಲಿ ತಮ್ಮ ಕಾರ್ಲ್‌ಟನ್ ಕ್ಷೇತ್ರದಲ್ಲಿಯೇ ಸೋತ ಕನ್ಸರ್ವೇಟಿವ್ ನಾಯಕ ಪಿಯೇರ್ ಪೊಲಿಯೆವ್ರ್ ಅವರಿಗಾಗಿ ಅಲ್ಲಿನ ಸಂಸದ ಡೇಮಿಯನ್ ಕುರೆಕ್ ಸ್ಥಾನ ಬಿಟ್ಟುಕೊಟ್ಟರು. ಕಣದಲ್ಲಿದ್ದವರು 214 ಜನ. ಚುನಾವಣಾ ಪದ್ಧತಿ ಬದಲಾಗಬೇಕೆಂದು ಒತ್ತಾಯಿಸುವ ‘ಅತಿ ಉದ್ದದ ಮತಪತ್ರ ಸಮಿತಿ’ ಎಂಬ ಗುಂಪು ಅವರಲ್ಲಿ ಬಹುಪಾಲು ಜನರನ್ನು ನಿಲ್ಲಿಸಿತ್ತು. ಕೊನೆಗೆ ಹೆಸರುಗಳನ್ನು ಅಚ್ಚುಮಾಡುವುದನ್ನೇ ಕೈಬಿಟ್ಟು, ಖಾಲಿ ಚೀಟಿ ಕೊಟ್ಟು ಮತದಾರರಿಂದಲೇ ಹೆಸರು ಬರೆಸಿದರು. ಕಾಗುಣಿತ ತಪ್ಪಿದರೂ ಉದ್ದೇಶ ತಿಳಿದರೆ ಸಾಕು ಎಂದರು. ಪೊಲಿಯೆವ್ರ್ ಸುಲಭವಾಗಿ ಗೆದ್ದರು.

ಸಾಧನಕೇರಿ ನಿವೃತ್ತ, ಧಾರವಾಡ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ, ಅವಳ ತಾಯಿ ಸಮಾಧಾನವಾದಳು.

ವಕೀಲರೇ, 214 ಎಂದಿರಿ, ನನಗೆ ನಗು ಬಂತು. 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ 456 ಅಭ್ಯರ್ಥಿಗಳಿದ್ದರು. ಆಗ ಸಾಮಾನ್ಯ ಅಭ್ಯರ್ಥಿಯ ಠೇವಣಿ 500 ರೂಪಾಯಿ. ಗಡಿ ವಿವಾದದ ಪ್ರತಿಭಟನೆಗೆ ನಾಮಪತ್ರವೇ ಅಸ್ತ್ರವಾಗಿತ್ತು. ಇಷ್ಟು ಜನರಿಗೆ ಚಿಹ್ನೆ ಎಲ್ಲಿಂದ ತರುವುದು ಎಂದು ನಮ್ಮ ನೌಕರರೆಲ್ಲ ತಲೆ ಕೆಡಿಸಿಕೊಂಡಿದ್ದರು. ಆ ವರ್ಷವೇ ಕಾನೂನು ತಿದ್ದಿ ಠೇವಣಿಯನ್ನು 10,000ಕ್ಕೆ ಏರಿಸಿದರು, ಈಗ 25,000. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂದರು, ಮತಪತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೊದಲು ಎಂದರು. ಕೆನಡಾದವರು ಠೇವಣಿ ತೆಗೆದು ಸಿಕ್ಕಿಕೊಂಡಿದ್ದಾರೆ, ನಾವು ಏರಿಸಿ ಪಾರಾದೆವು. ಬಡವನ ಸ್ಪರ್ಧೆಗೆ ಇದರಿಂದ ಪೆಟ್ಟು ಬಿದ್ದಿತು ಎಂದು ನೀವು ವಾದಿಸಬಹುದು. ನಾಮಪತ್ರ ಪರಿಶೀಲಿಸುತ್ತ ಕುಳಿತವನ ಕಷ್ಟ ನಾನು ಬಲ್ಲೆ, ಆದ್ದರಿಂದ ನನ್ನ ಮತ ಏರಿಸಿದ್ದಕ್ಕೇ.

ಇನ್ನೊಂದು ಸಂದೇಹ. ನಿನ್ನೆ ಅದೇ ಗೃಹಸ್ಥರ ಕಡೆಯವರು ಅಳಿಯನ ಬಳಿ, ಟಿಕೆಟ್ ಸಿಕ್ಕ ಮೇಲೆ ನಾಮಪತ್ರಕ್ಕೂ ನಿಮ್ಮ ಸಹಿ ಬೇಕಾಗುತ್ತದೆ ಎಂದಿದ್ದಾರೆ. ಅಳಿಯನಿಗೆ ಮನಸ್ಸು ಇನ್ನೊಂದು ಪಕ್ಷದ ಕಡೆ. ಇವರಿಗೆ ಸಹಿ ಹಾಕಿದರೆ ಅವರಿಗೆ ಹಾಕುವಂತಿಲ್ಲವೇ?

ವಿದ್ಯಾನಗರದವನು, ಈಗ ಒಟ್ಟಾವಾ

ಸಹಿ ಎಂದರೆ ಬೆಂಬಲವಲ್ಲ ಕಾಕಾ, ‘ಇವರು ಸ್ಪರ್ಧಿಸಲು ನನ್ನ ಒಪ್ಪಿಗೆ ಇದೆ’ ಎಂದಷ್ಟೇ. ಬ್ಯಾಟಲ್ ರಿವರ್ ಚುನಾವಣೆಯವರೆಗೂ ಒಬ್ಬ ಮತದಾರ ಎಷ್ಟು ನಾಮಪತ್ರಗಳಿಗೆ ಬೇಕಾದರೂ ಸಹಿ ಹಾಕಬಹುದಿತ್ತು. 214 ಜನ ನಿಂತದ್ದೂ ಅದೇ ದಾರಿಯಿಂದ. ಅದನ್ನು ಮುಚ್ಚಬೇಕೆಂಬ ಮಾತು ಆಮೇಲೆ ಜೋರಾಗಿದೆ. ಆದ್ದರಿಂದ ಸಹಿ ಹಾಕುವ ಮುನ್ನ ಕ್ಷೇತ್ರದ ಚುನಾವಣಾಧಿಕಾರಿ ಕಚೇರಿಗೆ ಒಂದು ಫೋನ್ ಮಾಡಲಿ. ಅಳಿಯ ಅದೇ ಕ್ಷೇತ್ರದ ನಿವಾಸಿಯಾಗಿರಬೇಕು, ಸಾಕ್ಷಿಯ ಎದುರು ಸಹಿ ಹಾಕಬೇಕು. ಮಗಳು ಮಾತ್ರ ಈ ಕಾಗದಕ್ಕೆ ಸಹಿ ಹಾಕಕೂಡದು, ಇದು ಮತದಾರರದ್ದು. ಆ ಗೃಹಸ್ಥರು ‘ಇದಕ್ಕೂ ಅದು ಬೇಕಿಲ್ಲ’ ಎಂದರೆ ನಂಬಬೇಡಿ ಎಂದು ಹೇಳಿ.